ಹೆಡ್ ಒಂದನ್ನೇ ಡೈನೋ ಮೇಲೆ ಅಳೆಯಲು ಆಗುವುದಿಲ್ಲ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಲ್ಲಿಂದ ಹೊರಬಂದ ಜಾವಾ, ಯೆಜ್ಡಿ ಬೈಕ್‌ಗಳು ಮಾತ್ರ ಇನ್ನೂ ಓಡುತ್ತಿವೆ, ಅವುಗಳ ಹೆಡ್ (ಸಿಲಿಂಡರ್ ಮೇಲಿನ ಮುಚ್ಚಳ) ಬಗ್ಗೆ ನನಗೆ ಪತ್ರಗಳೂ ಬರುತ್ತಲೇ ಇವೆ. ಮುಕ್ಕಾಲು ಪಾಲು ಪತ್ರಗಳಲ್ಲಿ ಇರುವುದು ಒಂದೇ ಪ್ರಶ್ನೆ. ಈ ಸಲ ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ.

ನನ್ನ ಯೆಜ್ಡಿ ರೋಡ್‌ಕಿಂಗ್‌ಗೆ ಮೂರು ಹೆಡ್ ಇಟ್ಟುಕೊಂಡಿದ್ದೇನೆ. ಒಂದು ಮೂಲದ್ದು, ಒಂದು ಲೇತ್ ಶಾಪ್‌ನಲ್ಲಿ 1 ಮಿ.ಮೀ. ಫೇಸಿಂಗ್ ಮಾಡಿಸಿದ್ದು (ಅಡಿಭಾಗ ಸವರಿಸಿದ್ದು), ಒಂದು ‘ರೇಸಿಂಗ್ ಹೆಡ್’ ಅಂತ ಕೊಂಡದ್ದು. ಬೆಂಗಳೂರಿನಲ್ಲಿ ಒಂದೇ ದಿನ ಮೂರನ್ನೂ ಡೈನೋ (ಚಕ್ರದ ಶಕ್ತಿ ಅಳೆಯುವ ಯಂತ್ರ) ಮೇಲೆ ಓಡಿಸಿದೆ. ಫೇಸಿಂಗ್ ಹೆಡ್ ಮೂಲದ್ದಕ್ಕಿಂತ ಹೆಚ್ಚುಕಮ್ಮಿ ಒಂದು ಎಚ್‌ಪಿ ಜಾಸ್ತಿ ತೋರಿಸಿತು. ಅದನ್ನೇ ಹಾಕಿಬಿಡಲಾ? (ಹಾಸನ)

ಹಾಕಬೇಡಿ. ಮೊದಲು ಒಂದು ವಿಷಯ ಹೇಳಿ. ಮೂರೂ ಹೆಡ್ ಓಡಿಸಿದ ಮೇಲೆ ಮೂಲದ್ದನ್ನು ಮತ್ತೆ ಕೂರಿಸಿ ಇನ್ನೊಂದು ಸಲ ಓಡಿಸಿದಿರಾ? ಓಡಿಸಿಲ್ಲ ಅಂದರೆ ನಿಮ್ಮ ಕೈಯಲ್ಲಿರುವ ಕಾಗದಕ್ಕೆ ಬೆಲೆ ಇಲ್ಲ.

ಯಾಕೆ ಅಂತ ಲೆಕ್ಕ ಹಾಕೋಣ. ನಿಮ್ಮ ಬೋರ್ (ಸಿಲಿಂಡರ್‌ನ ಒಳ ಅಗಲ) 65 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 75. ಹೆಡ್‌ನಿಂದ 1 ಮಿ.ಮೀ. ತೆಗೆದರೆ ಒಳಗಿನ ಜಾಗ ಸುಮಾರು 3.3 ಸಿಸಿ ಕಮ್ಮಿಯಾಗುತ್ತದೆ. ಮೊದಲು 33 ಸಿಸಿ ಇತ್ತು ಅಂತ ಇಟ್ಟುಕೊಳ್ಳಿ. ಆಗ ಕಂಪ್ರೆಶನ್, ಅಂದರೆ ಒಳಗಿನ ಮಿಶ್ರಣ ಎಷ್ಟು ಪಟ್ಟು ಒತ್ತಲ್ಪಡುತ್ತದೆ ಅನ್ನುವ ಲೆಕ್ಕ, 8.5ರಿಂದ 9.4ಕ್ಕೆ ಏರುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಅಷ್ಟು ಏರಿಕೆಯಿಂದ ಸಿಗುವ ಲಾಭ ಶೇ 3ರಿಂದ 4. ಚಕ್ರದಲ್ಲಿ 12 ಎಚ್‌ಪಿ ಬರುವ ಗಾಡಿಗೆ ಅದು ಅರ್ಧ ಎಚ್‌ಪಿ ಕೂಡ ಆಗುವುದಿಲ್ಲ. ನಿಮಗೆ ಒಂದು ಎಚ್‌ಪಿ ಬಂದಿದೆ ಅಂದರೆ, ಉಳಿದದ್ದು ಹೆಡ್‌ನಿಂದ ಬಂದದ್ದಲ್ಲ.

ಹಾಗಾದರೆ ಎಲ್ಲಿಂದ ಬಂತು? ಬಿಸಿಯಿಂದ ಬಂದಿರಬಹುದು. ಮೊದಲ ಸಲ ಓಡಿಸುವಾಗ ಗೇರ್ ಆಯಿಲ್ ತಣ್ಣಗೆ, ಮಂದವಾಗಿರುತ್ತದೆ. ಅದೇ ಒಂದಿಷ್ಟು ಶಕ್ತಿ ತಿನ್ನುತ್ತದೆ. ಎರಡನೇ ಹೆಡ್ ಹೊತ್ತಿಗೆ ಆಯಿಲ್ ಬಿಸಿಯಾಗಿ ಗಾಡಿ ಹಗುರಾಗುತ್ತದೆ. ಮೂರನೆಯದರ ಹೊತ್ತಿಗೆ ಸಿಲಿಂಡರ್ ಕಾದು, ಒಳಗೆ ಬರುವ ಗಾಳಿ ಹಿಗ್ಗಿ, ಪವರ್ ಇಳಿಯುತ್ತದೆ. ಗಾಳಿಯಲ್ಲಿ ತಣಿಯುವ ಟೂ ಸ್ಟ್ರೋಕ್ ಇಂಜಿನ್‌ಗೆ ಇದು ದೊಡ್ಡ ವ್ಯತ್ಯಾಸ. ಬರೀ ಓಡಿಸಿದ ಕ್ರಮದಿಂದಲೇ ನಡುವಿನ ಹೆಡ್ ಗೆದ್ದುಬಿಡಬಹುದು. ಅದಕ್ಕೇ ಮೂಲದ್ದು, ಬೇರೆಯದು, ಮತ್ತೆ ಮೂಲದ್ದು ಅಂತ ಓಡಿಸಬೇಕು. ಪ್ಲಗ್ ಬುಡದಲ್ಲಿ ತಾಪ ಅಳೆದು, ಪ್ರತಿ ಸಲವೂ ಅದೇ ತಾಪಕ್ಕೆ ಬಂದಾಗ ಶುರು ಮಾಡಬೇಕು. ಎರಡು ಸಲ ಓಡಿಸಿದ ಮೂಲ ಹೆಡ್‌ನ ಡೈನೋ ಗೆರೆಗಳೇ ಒಂದರ ಮೇಲೊಂದು ಕೂರದಿದ್ದರೆ ಆ ದಿನದ ಕೆಲಸ ಅಲ್ಲಿಗೇ ಬಿಡಿ. ಟೈರ್ ಗಾಳಿ, ಚೈನ್ ಬಿಗಿ, ಗಾಡಿ ಕಟ್ಟಿದ ಬೆಲ್ಟ್‌ನ ಎಳೆತ, ಎದುರಿಗಿಟ್ಟ ಫ್ಯಾನ್, ಇವು ಯಾವುವೂ ನಡುವೆ ಬದಲಾಗಬಾರದು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಮೂರೂ ಹೆಡ್‌ಗೆ ನೀವು ಒಂದೇ ಟೈಮಿಂಗ್ (ಕಿಡಿ ಹಾರುವ ಹೊತ್ತು), ಒಂದೇ ಜೆಟ್ (ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಬರುವ ತೂತು) ಇಟ್ಟಿರುತ್ತೀರಿ. ಕಂಪ್ರೆಶನ್ ಜಾಸ್ತಿಯಾದರೆ ಪೆಟ್ರೋಲ್ ಬೇಗ ಉರಿಯುತ್ತದೆ. ಆಗ ಕಿಡಿ ಸ್ವಲ್ಪ ತಡವಾಗಿ ಬರಬೇಕು. ಹಳೆಯ ಟೈಮಿಂಗ್‌ನಲ್ಲೇ ಓಡಿಸಿದರೆ, ಪಿಸ್ಟನ್ ಇನ್ನೂ ಮೇಲೆ ಬರುತ್ತಿರುವಾಗಲೇ ಒತ್ತಡ ಏರಿ ಅದನ್ನು ಹಿಡಿದು ಬಡಿಯುತ್ತದೆ. ಹೆಡ್, ಟೈಮಿಂಗ್, ಜೆಟ್ ಮೂರೂ ಸೇರಿ ಒಂದು ಜೋಡಣೆ. ಪ್ರತಿ ಹೆಡ್‌ಗೂ ಅದಕ್ಕೆ ಹೊಂದುವ ಟೈಮಿಂಗ್ ಹುಡುಕಿ, ಆಮೇಲೆ ಹೋಲಿಸಿ. ಇದಕ್ಕೆ ಅರ್ಧ ದಿನ ಸಾಲದು. ಅರ್ಧ ಗಂಟೆಯಲ್ಲಿ ‘ಟ್ಯೂನಿಂಗ್’ ಮಾಡಿ ಕೊಡುತ್ತೇವೆ ಅನ್ನುವವರು ನಿಮ್ಮ ದುಡ್ಡಿಗಷ್ಟೇ ಟ್ಯೂನಿಂಗ್ ಮಾಡುತ್ತಾರೆ.

ಈಗ ಫೇಸಿಂಗ್ ವಿಷಯ. 1 ಮಿ.ಮೀ. ತೆಗೆದಿರಲ್ಲ, ಪಿಸ್ಟನ್‌ಗೂ ಹೆಡ್‌ಗೂ ನಡುವೆ ಮೊದಲು ಎಷ್ಟು ಸಂದು ಇತ್ತು? ಲೇತ್ ಶಾಪ್‌ನವರು ಅಳೆದರಾ? ಅಳೆದಿರುವುದಿಲ್ಲ. 2 ಮಿ.ಮೀ. ಇದ್ದರೆ ಈಗ 1 ಉಳಿದಿದೆ, ಅದು ಒಳ್ಳೆಯದೇ. 1.2 ಇದ್ದಿದ್ದರೆ ಈಗ ಉಳಿದಿರುವುದು 0.2. ವೇಗ ಏರಿ ಬೇರಿಂಗ್ ಸಡಿಲ ಸೇರಿಕೊಂಡರೆ ಪಿಸ್ಟನ್ ಹೆಡ್‌ಗೆ ತಾಗುತ್ತದೆ. ಅಳೆಯುವುದು ಕಷ್ಟವೇನಲ್ಲ. 2 ಮಿ.ಮೀ. ದಪ್ಪದ ಮೆತ್ತನೆಯ ಸೋಲ್ಡರ್ ತಂತಿ ತನ್ನಿ. ಪಿಸ್ಟನ್ ಪಿನ್ ಇರುವ ನೇರಕ್ಕೆ, ಎರಡು ಬದಿಗೂ ಅಂಚಿನವರೆಗೆ ಹೋಗುವಂತೆ ಗ್ರೀಸ್ ಹಚ್ಚಿ ಪಿಸ್ಟನ್ ಮೇಲೆ ಕೂರಿಸಿ. ಹೆಡ್ ಬಿಗಿ ಮಾಡಿ, ಇಂಜಿನ್ ಕೈಯಲ್ಲಿ ಒಂದು ಸುತ್ತು ತಿರುಗಿಸಿ. ಹೆಡ್ ಬಿಚ್ಚಿ, ಚಪ್ಪಟೆಯಾದ ತುದಿಗಳನ್ನು ವರ್ನಿಯರ್‌ನಲ್ಲಿ ಅಳೆಯಿರಿ. ಪಿನ್‌ಗೆ ಅಡ್ಡವಾಗಿ ಇಟ್ಟರೆ ಪಿಸ್ಟನ್ ವಾಲಿ ತಪ್ಪು ಅಳತೆ ಬರುತ್ತದೆ.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ. ಹಲವು ವರ್ಷಗಳ ಹಿಂದೆ ಇಂಥದ್ದೇ ಫೇಸಿಂಗ್ ಹೆಡ್ ಡೈನೋದಲ್ಲಿ ಚೆನ್ನಾಗಿ ಬಂತು ಅಂತ, ಟೈಮಿಂಗ್ ಮುಟ್ಟದೆ ನಾನೇ ಒಬ್ಬರಿಗೆ ಗಾಡಿ ಕೊಟ್ಟೆ. ಡೈನೋ ಮೇಲೆ ಇಂಜಿನ್ ದುಡಿದದ್ದು ಕೆಲವೇ ಸೆಕೆಂಡು. ಅವರು ಹೆಂಡತಿಯನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತಿದರು. ಅರ್ಧ ದಾರಿಯಲ್ಲಿ ಗಾಡಿ ನಿಂತಿತು. ಆ ಪಿಸ್ಟನ್ ಇವತ್ತಿಗೂ ನನ್ನ ಮೇಜಿನ ಮೇಲಿದೆ. ಅಂಚಿನುದ್ದಕ್ಕೂ ಇಲಿ ಕಡಿದ ಹಾಗೆ ಸಣ್ಣ ಸಣ್ಣ ಗುಳಿ. ಪ್ಲಗ್‌ನ ನೇರಕ್ಕೆ ಕಡಲೆಕಾಳಿನಷ್ಟು ತೂತು. ತೂತಿನ ಸುತ್ತ ಅಲ್ಯೂಮಿನಿಯಂ ಕರಗಿ, ಮೇಣದ ಹಾಗೆ ಇಳಿದು ಗಟ್ಟಿಯಾಗಿದೆ. ಬೋರ್ ಕೂಡ ಹಾಳಾಗಿತ್ತು. ಹೆಡ್ ಬಗ್ಗೆ ಕೇಳಿಕೊಂಡು ಬರುವವರ ಕೈಗೆ ಮೊದಲು ಅದನ್ನೇ ಕೊಡುತ್ತೇನೆ.

ಕೊನೆಯದಾಗಿ, ತುತ್ತತುದಿಯ ಸಂಖ್ಯೆ ನೋಡಬೇಡಿ, ಇಡೀ ಗೆರೆ ನೋಡಿ. ನೀವು ದಿನಾ ಓಡಿಸುವುದು 2500ರಿಂದ 4000 ಆರ್‌ಪಿಎಂ ಒಳಗೆ. ಅಲ್ಲಿ ಟಾರ್ಕ್ (ಎಳೆಯುವ ಬಲ) ಏರಿದೆಯಾ? ಕಂಪ್ರೆಶನ್ ಏರಿಸಿದಾಗ ಸಾಮಾನ್ಯವಾಗಿ ನಡುವಿನ ವೇಗದಲ್ಲಿ ಲಾಭ ಸಿಗುತ್ತದೆ. ಸೈಲೆನ್ಸರ್‌ಗೆ ಹೋಗುವ ಹೊಗೆ ತುಸು ತಣ್ಣಗಾಗುವುದರಿಂದ ಅದರೊಳಗಿನ ಒತ್ತಡದ ಅಲೆ ನಿಧಾನವಾಗಿ ತಿರುಗಿ ಬರುತ್ತದೆ, ಹಾಗಾಗಿ ಮೇಲಿನ ವೇಗದಲ್ಲಿ ಒಂದಿಷ್ಟು ನಷ್ಟವೂ ಆಗಬಹುದು. ‘ರೇಸಿಂಗ್ ಹೆಡ್’ ಮಾರಿದವರನ್ನು ಒಳಗಿನ ಜಾಗ ಎಷ್ಟು ಸಿಸಿ ಅಂತ ಕೇಳಿ ನೋಡಿ. ಉತ್ತರ ಬರದಿದ್ದರೆ ಅದನ್ನು ಕಪಾಟಿನಲ್ಲಿಡಿ. ಎಲ್ಲ ಅಳೆದು ಮುಗಿಯುವವರೆಗೆ ಮೂಲ ಹೆಡ್ ಹಾಕಿಕೊಂಡು ಓಡಿಸಿ. ಆ ಕಾರ್ಖಾನೆಯಿಂದ ಇನ್ನೊಂದು ಬರುವುದಿಲ್ಲ, ಅದನ್ನು ಯಾವ ಲೇತ್‌ಗೂ ಕೊಡಬೇಡಿ.

ಚೆನ್ನೈನಲ್ಲಿ ಡೈನೋ ಮೇಲೆ ಗೆಳೆಯನ ಗಾಡಿಗೆ ನನ್ನದಕ್ಕಿಂತ ಜಾಸ್ತಿ ಎಚ್‌ಪಿ ಬಂತು. ನನ್ನದರಲ್ಲಿ ಏನು ದೋಷ? (ಬೆಂಗಳೂರು)

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಮೇಲಿದೆ, ಇಲ್ಲಿ ಗಾಳಿಯ ಒತ್ತಡವೇ ಸುಮಾರು ಹತ್ತನೇ ಒಂದು ಪಾಲು ಕಮ್ಮಿ. ಎರಡೂ ಕಾಗದದಲ್ಲಿ ಯಾವ ಕರೆಕ್ಷನ್ (ಗಾಳಿಯ ಒತ್ತಡ, ತಾಪಕ್ಕೆ ತಕ್ಕ ತಿದ್ದುಪಡಿ) ಹಾಕಿದ್ದಾರೆ ನೋಡದೆ ಗಾಡಿಯನ್ನು ದೂರಬೇಡಿ.

ಟ್ಯಾಂಕ್‌ಗೆ ನುಸಿಗುಳಿಗೆ ಹಾಕಿದರೆ ಪವರ್ ಬರುತ್ತದೆ ಅನ್ನುತ್ತಾರೆ. ನಿಜವೇ? (ದಾವಣಗೆರೆ)

ಅದನ್ನು ಬಟ್ಟೆಯ ಬೀರುವಿನಲ್ಲಿಡಿ. ಇಂಥದ್ದನ್ನು ಹೇಳಿಕೊಟ್ಟ ಮೆಕ್ಯಾನಿಕ್ ಹತ್ತಿರ ಮತ್ತೆ ಹೋಗಬೇಡಿ.

ಮೊಬೈಲ್ ಆ್ಯಪ್‌ನಲ್ಲಿ ಎಚ್‌ಪಿ ಅಳೆದು ಹೆಡ್ ಹೋಲಿಸಬಹುದಾ? (ತುಮಕೂರು)

ಆಗುವುದಿಲ್ಲ.

ಈಗಿನ ಇ20 (ಶೇ 20 ಎಥನಾಲ್ ಬೆರೆಸಿದ) ಪೆಟ್ರೋಲ್‌ಗೆ ಕಂಪ್ರೆಶನ್ ಏರಿಸಬಹುದಂತೆ, ಹೌದಾ? (ಶಿವಮೊಗ್ಗ)

ಎಥನಾಲ್ ನಾಕಿಂಗ್ (ಮಿಶ್ರಣ ತಾನಾಗಿ ಸಿಡಿದು ಬಡಿಯುವುದು) ತಡೆಯುತ್ತದೆ, ಅಷ್ಟು ನಿಜ. ಆದರೆ ಅದೇ ಎಥನಾಲ್‌ನಿಂದ ಹಳೆಯ ಜೆಟ್‌ನಲ್ಲಿ ಮಿಶ್ರಣ ತೆಳುವಾಗುತ್ತದೆ. ತೆಳು ಮಿಶ್ರಣ ಅಂದರೆ ಬಿಸಿ, ಬಿಸಿ ಅಂದರೆ ಸೀಜ್ (ಪಿಸ್ಟನ್ ಸಿಕ್ಕಿಕೊಳ್ಳುವುದು). ಮೊದಲು ಜೆಟ್ ಸರಿಮಾಡಿ, ಹಳೆಯ ರಬ್ಬರ್ ಪೈಪು ಬದಲಿಸಿ. ಹೆಡ್ ಮಾತು ಆಮೇಲೆ.

ತೋಟದಲ್ಲಿ ಅಜ್ಜನ ಕಾಲದ ವಿಲ್ಲಿಸ್ ಜೀಪ್ ಇದೆ. ಹೆಡ್ ಎಷ್ಟು ಫೇಸಿಂಗ್ ಮಾಡಿಸಿದರೆ ಏರಿನಲ್ಲಿ ಚೆನ್ನಾಗಿ ಎಳೆಯುತ್ತದೆ? (ಮೂಡಿಗೆರೆ)

ಅದು ಸೈಡ್ ವಾಲ್ವ್ ಇಂಜಿನ್. ಕಂಪ್ರೆಶನ್ 6.48, 4000 ಆರ್‌ಪಿಎಂಗೆ 60 ಎಚ್‌ಪಿ. ವಾಲ್ವ್‌ಗಳು ಬ್ಲಾಕ್‌ನಲ್ಲಿ, ಸಿಲಿಂಡರ್ ಪಕ್ಕದಲ್ಲಿ ಇರುತ್ತವೆ. ಗಾಳಿ ವಾಲ್ವ್ ದಾಟಿ ಮೇಲೆದ್ದು, ಹೆಡ್‌ನ ಕೆಳಗೆ ಅಡ್ಡ ಹಾಯ್ದು ಸಿಲಿಂಡರ್‌ಗೆ ಇಳಿಯಬೇಕು. ಹೆಡ್ ತೆಳುವಾದಷ್ಟೂ ಆ ದಾರಿ ಕಿರಿದಾಗುತ್ತದೆ. ಕಂಪ್ರೆಶನ್‌ನಲ್ಲಿ ಗಳಿಸಿದ್ದನ್ನು ಉಸಿರಾಟದಲ್ಲಿ ಕಳೆದುಕೊಳ್ಳುತ್ತೀರಿ, ವಾಲ್ವ್ ಮೇಲೇಳುವಾಗ ಹೆಡ್‌ಗೆ ತಾಗುವ ಅಪಾಯ ಬೇರೆ. ಪಿಸ್ಟನ್ ಕಡೆ ಹೆಡ್ ಹತ್ತಿರ ತಂದು, ವಾಲ್ವ್ ಕಡೆ ಜಾಗ ಬಿಡುವ ವಿನ್ಯಾಸವನ್ನು ಇಂಗ್ಲೆಂಡಿನ ಇಂಜಿನ್ ತಜ್ಞ ಹ್ಯಾರಿ ರಿಕಾರ್ಡೊ 1919ರಲ್ಲೇ ಮಾಡಿ ತೋರಿಸಿದರು. ನೇರ ಪಟ್ಟಿ ಇಟ್ಟು ಫೀಲರ್ ಗೇಜ್ ಹಾಕಿ ನೋಡಿ. ಹೆಡ್ ಬಾಗಿದ್ದರೆ ಸಮ ಆಗುವಷ್ಟು ಮಾತ್ರ ಫೇಸಿಂಗ್ ಮಾಡಿಸಿ. ಏರಿನಲ್ಲಿ ಎಳೆಯದಿರುವುದಕ್ಕೆ ಸವೆದ ರಿಂಗ್, ಸರಿಯಾಗಿ ಕೂರದ ವಾಲ್ವ್ ಕಾರಣ ಆಗಿರುವುದೇ ಜಾಸ್ತಿ. ನಾಲ್ಕೂ ಸಿಲಿಂಡರ್‌ಗಳ ಕಂಪ್ರೆಶನ್ ಗೇಜ್ ಅಳತೆ ಬರೆದು ಕಳಿಸಿ, ಮುಂದಿನ ಮಾತು ಅದನ್ನು ನೋಡಿ ಹೇಳುತ್ತೇನೆ.