ಓದುಗರ ಪ್ರಶ್ನೆ, ನಮ್ಮ ಉತ್ತರ: ಮೂರು ಕಾಯಿಯ ಸಿಂಡರೆಲಾ

ಪ್ರಶ್ನೆ: 1973ರ ಜೆಕ್ ಚಿತ್ರ ‘ಸಿಂಡರೆಲಾಗೆ ಮೂರು ಹೇಜಲ್ ಕಾಯಿ’ಯನ್ನು ಯುರೋಪಿನ ಎಷ್ಟೋ ಮನೆಗಳಲ್ಲಿ ಪ್ರತಿ ಕ್ರಿಸ್‌ಮಸ್‌ಗೂ ನೋಡುತ್ತಾರಂತೆ. ಗೊತ್ತಿರುವ ಕತೆಯಲ್ಲಿ ಅಂಥದ್ದೇನಿದೆ? (ಓದುಗರು, ತೀರ್ಥಹಳ್ಳಿ)

ಉತ್ತರ: ಏನಿಲ್ಲ ಎಂಬುದನ್ನು ಮೊದಲು ಹೇಳುತ್ತೇವೆ. ಮಂತ್ರದಂಡದ ದೇವತೆ ಇಲ್ಲ, ಕುಂಬಳಕಾಯಿಯ ರಥ ಇಲ್ಲ. ಇರುವುದು ಮೂರು ಕಾಯಿ. ಒಂದರಲ್ಲಿ ಬೇಟೆಯ ಉಡುಪು, ಒಂದರಲ್ಲಿ ನೃತ್ಯದ್ದು, ಕೊನೆಯದರಲ್ಲಿ ಮದುವೆಯದ್ದು. ಕಾಯಿ ಕೊಡುವುದು ಬಟ್ಟೆ ಮಾತ್ರ. ಹಿಮದಲ್ಲಿ ಕುದುರೆ ಓಡಿಸುವುದು, ಅಡ್ಡಬಿಲ್ಲು ಹೂಡಿ ಮರದ ತುದಿಯ ಪೈನ್ ಕಾಯಿ ಉರುಳಿಸುವುದು ಎಲ್ಲ ಹುಡುಗಿಯದೇ ಕೈಚಳಕ. ರಾಜಕುಮಾರ ತುಂಬಿದ ಸಭೆಯಲ್ಲಿ ಇವಳೇ ನನ್ನ ಹೆಂಡತಿ ಎಂದಾಗ, ಹುಡುಗಿಗೆ ಒಪ್ಪಿಗೆ ಇದೆಯಾ ಅಂತ ಕೇಳುವುದನ್ನೇ ಮರೆತೆಯಲ್ಲ ಎಂದು ನೆನಪಿಸುತ್ತಾಳೆ. ಆಮೇಲೆ ಒಗಟು ಹಾಕಿ ಹೊರಟುಬಿಡುತ್ತಾಳೆ. ನಮ್ಮ ಲೆಕ್ಕದಲ್ಲಿ ಚಿತ್ರದ ಜೀವ ಆ ಗಳಿಗೆಯಲ್ಲಿದೆ. ಚಪ್ಪಲಿಯ ಅಳತೆ ನೋಡುವುದು ಬರೀ ಲೆಕ್ಕ ಚುಕ್ತಾ.

ಮೂಲ ಕತೆ 19ನೇ ಶತಮಾನದ ಲೇಖಕಿ ಬೊಝೆನಾ ನ್ಯೆಮ್ತ್ಸೋವಾ ಅವರದು. ನಿರ್ದೇಶನ ವಾತ್ಸ್ಲಾವ್ ವೊರ್ಲೀಚೆಕ್, ನಾಯಕಿ ಲಿಬುಷೆ ಷಾಫ್ರಾಂಕೋವಾ. ಚಿತ್ರಕತೆ ಬರೆದ ಫ್ರಾಂತಿಷೆಕ್ ಪಾವ್ಲೀಚೆಕ್ ಆಗ ಸರ್ಕಾರದ ಕಣ್ಣಿಗೆ ಬೇಡವಾಗಿದ್ದವರು, ಹಾಗಾಗಿ ತೆರೆಯ ಮೇಲೆ ಬೇರೆಯವರ ಹೆಸರು ಬಂತು. ವಸ್ತ್ರವಿನ್ಯಾಸ ಮಾಡಿದ ಥಿಯೊಡೋರ್ ಪಿಷ್ಟ್ಯೆಕ್ ಮುಂದೆ ‘ಅಮಡೇಯಸ್’ ಚಿತ್ರಕ್ಕೆ ಆಸ್ಕರ್ ಪಡೆದರು.

ಪ್ರಶ್ನೆ: ಅದರಲ್ಲಿರುವ ಹಿಮ ನಿಜವಾದದ್ದೇ? (ಓದುಗಿ, ಆಗುಂಬೆ)

ಉತ್ತರ: ಒಂದಿಷ್ಟು ನಿಜ, ಒಂದಿಷ್ಟು ಮೀನಿನ ಪುಡಿ! ಬೇಸಿಗೆಯಲ್ಲಿ ತೆಗೆಯಬೇಕೆಂದಿದ್ದ ಚಿತ್ರ ಇದು. ಜೊತೆಗೂಡಿದ ಪೂರ್ವ ಜರ್ಮನಿಯ ಡೆಫಾ ಸ್ಟುಡಿಯೋಗೆ ಚಳಿಗಾಲದಲ್ಲಿ ಬಿಡುವಿದ್ದುದರಿಂದ ಕತೆಯೇ ಹಿಮಕ್ಕೆ ಜಾರಿತು. ಬೇಕಾದಷ್ಟು ಹಿಮ ಬೀಳದ ಕಡೆ ಬೇರೆ ಪದಾರ್ಥಗಳ ಜೊತೆ ಮೀನಿನ ಪುಡಿಯನ್ನೂ ಚೆಲ್ಲಿದರು. ವಾಸನೆ ಹೇಗಿದ್ದಿರಬಹುದು ಎಂಬುದನ್ನು ಒಣಮೀನು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಅರಮನೆ ಡ್ರೆಸ್ಡೆನ್ ಹತ್ತಿರದ ಮೊರಿಟ್ಸ್‌ಬುರ್ಗ್.

ಪ್ರಶ್ನೆ: ನಮ್ಮ ಶಾಲೆಯ ಮಕ್ಕಳಿಗೆ ತೋರಿಸಬೇಕು. ಕನ್ನಡದ ಧ್ವನಿ ಇಲ್ಲ, ಸಬ್‌ಟೈಟಲ್ ಓದುವ ವೇಗ ಚಿಕ್ಕವರಿಗಿಲ್ಲ. ಏನು ಮಾಡುವುದು? (ಶಿಕ್ಷಕರು, ಸಾಗರ ತಾಲ್ಲೂಕು)

ಉತ್ತರ: ನಾರ್ವೆಯವರ ದಾರಿ ಹಿಡಿಯಿರಿ. ಅಲ್ಲಿ ಕ್ನುತ್ ರಿಸಾನ್ ಎಂಬ ನಟರೊಬ್ಬರೇ ರಾಜ, ಮಲತಾಯಿ, ಸಿಂಡರೆಲಾ ಎಲ್ಲರ ಮಾತನ್ನೂ ಹೇಳುತ್ತಾರೆ. ಮೂಲದ ದನಿ ಕೆಳಗೆ ಕೇಳುತ್ತಲೇ ಇರುತ್ತದೆ. ಒಬ್ಬ ಭಾಗವತರ ಕಂಠದಲ್ಲಿ ಇಡೀ ಪ್ರಸಂಗ ಕೇಳಿದ ಊರಿನವರಿಗೆ ಇದೇನೂ ವಿಚಿತ್ರ ಅನ್ನಿಸದು.

ಮಾತುಗಳನ್ನು ಮೊದಲೇ ಬರೆದುಕೊಳ್ಳಿ, ಒಂದೊಂದು ವಾಕ್ಯಕ್ಕೆ ಆರೇಳು ಪದ ಮೀರದಂತೆ. ಕಾರಣ ಇದೆ: ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ವಾಕ್ಯ ಉದ್ದವಾದರೆ ಪಾತ್ರ ಬಾಯಿ ಮುಚ್ಚಿದ ಮೇಲೆ ಮಗುವಿಗೆ ಅರ್ಥ ಹೊಳೆಯುತ್ತದೆ, ಅಷ್ಟರಲ್ಲಿ ಮುಂದಿನವರು ಮಾತು ಶುರುಮಾಡಿರುತ್ತಾರೆ. ಪಾತ್ರ ಬಾಯಿ ತೆರೆದ ಅರೆ ಕ್ಷಣದ ನಂತರ ನೀವು ಆರಂಭಿಸಿ. ದನಿ ಬದಲಾಯಿಸಿ ಮಿಮಿಕ್ರಿ ಮಾಡಬೇಡಿ. ಮಕ್ಕಳು ತೆರೆ ಬಿಟ್ಟು ನಿಮ್ಮನ್ನು ನೋಡುತ್ತಾರೆ. ಕುದುರೆ ಓಡುವಲ್ಲಿ, ಕಾರೆಲ್ ಸ್ವೊಬೊದಾ ಅವರ ಸಂಗೀತ ಏಳುವಲ್ಲಿ ಬಾಯಿ ಮುಚ್ಚಿರಿ. ಒಗಟನ್ನು ಮಾತ್ರ ನಿಧಾನವಾಗಿ ಹೇಳಿ: ಕೆನ್ನೆಗೆ ಬೂದಿ, ಹೊಗೆಗೂಡು ಗುಡಿಸುವವನಲ್ಲ; ಟೋಪಿಗೆ ಗರಿ, ಹೆಗಲಿಗೆ ಬಿಲ್ಲು, ಬೇಟೆಗಾರನಲ್ಲ; ಬೆಳ್ಳಿಯಂಚಿನ ಉಡುಪು, ರಾಜಕುಮಾರಿಯಲ್ಲ.

ಮಳೆಗಾಲದಲ್ಲಿ ಇಟ್ಟುಕೊಳ್ಳಬೇಡಿ. ಶೀಟಿನ ಮಾಡಿನ ಮೇಲೆ ಮಳೆ ಹೊಡೆದರೆ ಯಾವ ಸ್ಪೀಕರೂ ಸಾಲದು. ಡಿಸೆಂಬರ್‌ನಲ್ಲಿ, ರಾತ್ರಿ ಏಳರ ಮೇಲೆ ಹಾಕಿ. ಬೆಡ್‌ಶೀಟೇ ಪರದೆಯಾದರೆ ನಾಲ್ಕೂ ಮೂಲೆ ಬಿಗಿದು, ಕೆಳಗಂಚಿಗೆ ಬಿದಿರು ಗಳ ಹೊಲಿದು, ಹಿಂದೆ ಕಪ್ಪು ಬಟ್ಟೆ ಕಟ್ಟಿ. ಬೇರೆ ಚಿತ್ರದಲ್ಲಿ ಅಡಗುವ ಸುಕ್ಕು, ಕಲೆ ಬಿಳಿ ಹಿಮದ ಮೇಲೆ ಎದ್ದು ಕಾಣುತ್ತದೆ. ಪ್ರೊಜೆಕ್ಟರಿನ ಚಿತ್ರದ ಸೆಟ್ಟಿಂಗ್ ‘ವಿವಿಡ್’ನಲ್ಲಿದ್ದರೆ ಹಿಮದ ಹೆಜ್ಜೆಗುರುತೆಲ್ಲ ಅಳಿಸಿ ಬರೀ ಬಿಳಿ ಆಗುತ್ತದೆ, ‘ಸಿನಿಮಾ’ಕ್ಕೆ ತಿರುಗಿಸಿ. ಡಿವಿಡಿ ಕೊಂಡ ಮಾತ್ರಕ್ಕೆ ಸಾರ್ವಜನಿಕವಾಗಿ ತೋರಿಸುವ ಹಕ್ಕು ಸಿಗುವುದಿಲ್ಲ, ಅನುಮತಿ ಕೇಳಿಕೊಳ್ಳಿ.

ಪ್ರಶ್ನೆ: ಇದನ್ನೇ ನಾಟಕ ಮಾಡುತ್ತೇವೆ. ಹೇಜಲ್ ಕಾಯಿಯ ಬದಲು ಅಡಿಕೆ ನಡೆಯುತ್ತದೆಯೇ? (ಓದುಗರು, ಹೊಸನಗರ)

ಉತ್ತರ: ಅಡಿಕೆ ಒಳಗೆ ಟೊಳ್ಳಿಲ್ಲ, ಮೂರನೇ ಸಾಲಿನಿಂದಾಚೆ ಕಾಣುವುದೂ ಇಲ್ಲ. ಸಣ್ಣ ತೆಂಗಿನ ಗರಟೆಯ ಎರಡು ಹೋಳುಗಳಿಗೆ ಒಂದು ಕಡೆ ಬಟ್ಟೆಯ ಕೀಲು ಅಂಟಿಸಿ. ಒಳಗೆ ತೆಳು ಶಿಫಾನ್ ದುಪಟ್ಟಾ ಇಡಿ, ಹತ್ತಿಯದ್ದು ಬೇಡ, ಅದು ಮುದ್ದೆಯಾಗಿ ಕೂತುಬಿಡುತ್ತದೆ. ಸುರುಳಿ ಸುತ್ತಿದರೆ ಎಳೆಯುವಾಗ ಸಿಕ್ಕಿಕೊಳ್ಳುತ್ತದೆ. ಸೀರೆಯ ನೆರಿಗೆಯಂತೆ ಹಿಂದೆ ಮುಂದೆ ಮಡಚಿ, ತುದಿಯೊಂದನ್ನು ಮೇಲಕ್ಕೆ ಬಿಡಿ.