ಕೋಡ್ ತಿದ್ದಿದರೂ ಸಿಂಪೈ ಹಳೇ ಉತ್ತರವನ್ನೇ ಕೊಡುತ್ತಿದೆ!

ಪ್ರಶ್ನೆ: ವಿರಾಜಪೇಟೆ ಹತ್ತಿರದ ಹಳ್ಳಿಯವನು, ಬಿಎಸ್ಸಿ ಓದುತ್ತಿದ್ದೇನೆ. ಗಣಿತ ಮಾಡುವ ಸಿಂಪೈ ಅನ್ನೋ ಪೈಥಾನ್ ಲೈಬ್ರರಿಯಲ್ಲಿ ಒಂದು ಸಣ್ಣ ತಪ್ಪು ತಿದ್ದೋಣ ಅಂತ ಹೊರಟೆ. ಮಳೆಗೆ ಕರೆಂಟ್ ಹೋಗಿ ಗಿಟ್ ಕ್ಲೋನ್, ಅಂದರೆ ಅದರ ಕೋಡ್ ಇಳಿಸಿಕೊಳ್ಳೋದು, ಮೂರು ಸಲ ಅರ್ಧಕ್ಕೆ ನಿಂತಿತು. ಹೇಗೋ ಇಳಿಸಿಕೊಂಡೆ, ಕೋಡ್ ಬದಲಿಸಿದೆ. ಆದರೂ ನನ್ನ ಪ್ರೋಗ್ರಾಂ ಓಡಿಸಿದರೆ ಹಳೇ ಉತ್ತರವೇ ಬರುತ್ತೆ. ಏಕೆ ಸರ್?

ಉತ್ತರ: ನಿಮ್ಮ ಲ್ಯಾಪ್‌ಟಾಪಿನಲ್ಲಿ ಎರಡು ಸಿಂಪೈ ಇರಬೇಕು. ಹಿಂದೆ ಯಾವಾಗಲೋ ಪಿಪ್‌ನಿಂದ (ಪೈಥಾನಿಗೆ ಲೈಬ್ರರಿ ಹಾಕಿಕೊಡುವ ಸಾಧನ) ಹಾಕಿಕೊಂಡಿದ್ದು ಒಂದು, ಈಗ ಇಳಿಸಿದ್ದು ಇನ್ನೊಂದು. ನೀವು ತಿದ್ದುತ್ತಿರುವುದು ಹೊಸದನ್ನು, ಪೈಥಾನ್ ಓದುತ್ತಿರುವುದು ಹಳೆಯದನ್ನು. ನಾನೂ ಒಮ್ಮೆ ಇದೇ ಗುಂಡಿಗೆ ಬಿದ್ದು, ಕೋಡ್ ತುಂಬ ಪ್ರಿಂಟ್ ಸಾಲು ತುರುಕಿ ಒಂದಿಡೀ ಸಂಜೆ ಕಳೆದಿದ್ದೇನೆ, ಒಂದು ಸಾಲೂ ಪರದೆ ಮೇಲೆ ಬರಲಿಲ್ಲ.

ಪತ್ತೆ ಮಾಡೋದು ಸುಲಭ. ಆ ಪ್ರೋಗ್ರಾಂ ಇರುವ ಫೋಲ್ಡರಿನಲ್ಲೇ ಪೈಥಾನ್ ತೆರೆದು ಸಿಂಪೈ ಇಂಪೋರ್ಟ್ ಮಾಡಿ. ಆಮೇಲೆ ಸಿಂಪೈ, ಚುಕ್ಕೆ, ಎರಡು ಅಂಡರ್‌ಸ್ಕೋರ್, ಫೈಲ್, ಮತ್ತೆ ಎರಡು ಅಂಡರ್‌ಸ್ಕೋರ್, ಇಷ್ಟನ್ನು ಇಂಗ್ಲಿಷಿನಲ್ಲಿ ಒತ್ತಾಗಿ ಟೈಪ್ ಮಾಡಿ ಎಂಟರ್ ಒತ್ತಿ. ಬರುವ ಫೈಲಿನ ದಾರಿಯಲ್ಲಿ ಸೈಟ್-ಪ್ಯಾಕೇಜಸ್ ಅಂತ, ಅಂದರೆ ಪಿಪ್ ಲೈಬ್ರರಿ ಇಡುವ ಫೋಲ್ಡರ್, ಕಂಡರೆ ಕಳ್ಳ ಸಿಕ್ಕ ಹಾಗೆ. ಕ್ಲೋನ್ ಮಾಡಿದ ಫೋಲ್ಡರಿನೊಳಗೆ ನಿಂತು ನೋಡಬೇಡಿ, ಅಲ್ಲಿ ಪೈಥಾನ್ ಪಕ್ಕದಲ್ಲಿರುವ ಹೊಸದನ್ನೇ ಎತ್ತಿಕೊಳ್ಳುತ್ತೆ, ಎಲ್ಲ ಸರಿಯಿದೆ ಅನ್ನಿಸಿಬಿಡುತ್ತೆ.

ಈಗ ಒಂದು ವೆನ್ವ್ ಮಾಡಿ ಆನ್ ಮಾಡಿಕೊಳ್ಳಿ, ಅಂದರೆ ಈ ಕೆಲಸಕ್ಕೇ ಬೇರೆ ಪೈಥಾನ್ ಕೋಣೆ. ಆಮೇಲೆ ಕ್ಲೋನ್ ಫೋಲ್ಡರಿಗೆ ಹೋಗಿ ಪಿಪ್ ಇನ್‌ಸ್ಟಾಲ್, ಮೈನಸ್ ಇ, ಜಾಗ ಬಿಟ್ಟು ಒಂದು ಚುಕ್ಕೆ. ಆ ಚುಕ್ಕೆ ಮರೀಬೇಡಿ, 'ಈ ಫೋಲ್ಡರೇ' ಅಂತ ಅದರ ಅರ್ಥ. ಮೈನಸ್ ಇ ಹಾಕಿದರೆ ಕೋಡ್ ಕಾಪಿ ಆಗಲ್ಲ, ನೀವು ತಿದ್ದಿ ಸೇವ್ ಮಾಡಿದ್ದೇ ಮುಂದಿನ ಸಲ ಓಡುತ್ತೆ. ಸಿಂಪೈಗೆ ಕಡ್ಡಾಯವಾಗಿ ಬೇಕಾದ ಹೊರಗಿನ ಲೈಬ್ರರಿ ಎಂಪಿಮ್ಯಾತ್ ಒಂದೇ, ಅದೂ ಇದರ ಜೊತೆಗೇ ಬರುತ್ತೆ. ತಿದ್ದಿದ್ದು ಸರಿಯಿದೆಯಾ ಅಂತ ನೋಡುವ ಟೆಸ್ಟ್ ಓಡಿಸಲು ಪೈಟೆಸ್ಟ್, ಹೈಪೊಥೆಸಿಸ್ ಅನ್ನೋ ಲೈಬ್ರರಿಗಳನ್ನೂ ಪಿಪ್‌ನಿಂದ ಹಾಕಿಕೊಳ್ಳಿ.

ಇನ್ನು ಕರೆಂಟ್ ವಿಷಯ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ವೈಫೈ ಡಬ್ಬಿಗೆ ಇಲ್ಲ, ಅಲ್ವಾ? ಅರ್ಧಕ್ಕೆ ನಿಂತ ಗಿಟ್ ಕ್ಲೋನ್ ನಿಂತಲ್ಲಿಂದ ಮುಂದುವರಿಯಲ್ಲ, ಮೊದಲಿಂದ ಶುರು. ಸುಮ್ನೆ ಕ್ಲೋನ್ ಅಂದರೆ ವರ್ಷಗಟ್ಟಲೆಯ ಬದಲಾವಣೆಗಳೆಲ್ಲ ಇಳಿಯುತ್ತವೆ. ಇನ್ನೊಮ್ಮೆ ಇಳಿಸುವ ಹಾಗಾದರೆ ಗಿಟ್ ಕ್ಲೋನ್ ಜೊತೆ ಎರಡು ಮೈನಸ್, ಡೆಪ್ತ್ 1 ಅಂತ ಸೇರಿಸಿ, ಇವತ್ತಿನ ಕೋಡ್ ಮಾತ್ರ ಬರುತ್ತೆ. ಹಳೇ ಇತಿಹಾಸ ಬೇಕಾದರೆ ಮಳೆ ಬಿಟ್ಟ ದಿನ ಗಿಟ್ ಫೆಚ್, ಎರಡು ಮೈನಸ್, ಅನ್‌ಶಾಲೋ ಕೊಡಿ.

ಪೂರ್ತಿ ಟೆಸ್ಟ್ ಓಡಿಸಲು ಹೋಗಬೇಡಿ, ಬ್ಯಾಟರಿ ಖಾಲಿಯಾಗುತ್ತೆ. ನೀವು ಮುಟ್ಟಿದ ಫೈಲಿನ ಟೆಸ್ಟ್ ಸಾಕು.