ಎರಡೂ ಸರಿ ಸಾರ್, ಪಂಗಡ ಬೇರೆ ಅಷ್ಟೇ

ಶಿವಮೊಗ್ಗದಿಂದ ಪತ್ರ ಬರೆದ ಓದುಗರಿಗೆ ನಮಸ್ಕಾರ. ಹೋದ ಸಂಚಿಕೆಲಿ ಒಂದು ಪುಟದಲ್ಲಿ ಮಹಿಳಾ ರಬ್ಬಿ (ಯಹೂದಿಗಳ ಧರ್ಮಗುರು) ಫೋಟೋ ಹಾಕಿ, ನಾಲ್ಕು ಪುಟ ಆದ್ಮೇಲೆ "ಯಹೂದಿಗಳಲ್ಲಿ ಹೆಂಗಸರು ರಬ್ಬಿ ಆಗೋ ಹಾಗಿಲ್ಲ" ಅಂತ ಬರೆದಿದೀರಲ್ಲ, ಯಾವುದು ನಿಜ, ಇವರಿಗೆ ಪೋಪ್ ಥರ ಮೇಲಿನೋರು ಯಾರೂ ಇಲ್ವಾ ಅಂತ ಕೇಳಿದೀರ. ತಪ್ಪು ನಮ್ದೇ. ಎರಡೂ ನಿಜ, ಆದ್ರೆ ಯಾವ ಪಂಗಡದಲ್ಲಿ ಅಂತ ಹೇಳೋ ಸಾಲನ್ನ ಜಾಗ ಸಾಲ್ದೆ ನಾನೇ ಹೊಡೆದು ಹಾಕಿದ್ದೆ.

ಪೋಪ್ ಇಲ್ಲ. ನಮ್ಮಲ್ಲಿ ಮಠ ಮಠಕ್ಕೂ ಸ್ವಾಮಿಗಳು ಬೇರೆ ಇರ್ತಾರಲ್ಲ, ಹೆಚ್ಚುಕಮ್ಮಿ ಹಾಗೆ. 1810ರ ಹೊತ್ತಿಗೆ ಜರ್ಮನಿಲಿ ಕೆಲವರು ಪ್ರಾರ್ಥನೆ ನಮ್ಮ ಭಾಷೇಲೇ ಇರ್ಲಿ, ಆರ್ಗನ್ ವಾದ್ಯ ಇರ್ಲಿ ಅಂತ ಶುರು ಮಾಡಿದ್ರು, ಅದು ರಿಫಾರ್ಮ್. ಅದನ್ನ ಒಪ್ಪದೇ ಶಾಸ್ತ್ರ ಬಿಡಲ್ಲ ಅಂದೋರು ಆರ್ಥಡಾಕ್ಸ್. ಅವರೊಳಗೂ ಭಕ್ತಿಗೆ ಒತ್ತು ಕೊಟ್ಟು ತಮ್ಮ ಗುರುವಿನ ಹಿಂದೆ ನಡೆಯೋ ಹಸೀದಿಗಳು ಬೇರೆ, ಪ್ಯಾಂಟು ಶರ್ಟು ಹಾಕ್ಕೊಂಡು ಆಫೀಸಿಗೆ ಹೋಗೋ ಮಾಡರ್ನ್ ಆರ್ಥಡಾಕ್ಸ್ ಬೇರೆ, ಹಸೀದಿಗಳಲ್ಲೇ ಇಸ್ರೇಲ್ ಅನ್ನೋ ದೇಶವನ್ನೇ ಒಪ್ಪದ ಸಾತ್ಮರ್ ಗುಂಪು ಇನ್ನೊಂದು.

ರಿಫಾರ್ಮ್, ಆರ್ಥಡಾಕ್ಸ್ ಎರಡರ ನಡುವಿನ ಕನ್ಸರ್ವೇಟಿವ್ ಪಂಗಡದ ಕಥೆಲಿ ಒಂದು ಊಟ ಬರುತ್ತೆ, ನಂಗೆ ಬಲು ಇಷ್ಟ. 1883, ಅಮೆರಿಕದ ಸಿನ್ಸಿನಾಟಿ. ಅಲ್ಲಿನ ರಿಫಾರ್ಮ್‌ನೋರ ಹೀಬ್ರೂ ಯೂನಿಯನ್ ಕಾಲೇಜಿನ ಮೊದಲ ಬ್ಯಾಚ್ ರಬ್ಬಿಗಳಾದ ಖುಷಿಗೆ ದೊಡ್ಡ ಔತಣ. ಬಡಿಸಿದ್ದೇನು ಅಂದ್ರೆ ಏಡಿ, ಸೀಗಡಿ, ಕಪ್ಪೆ ಕಾಲು! ಎಲ್ಲಾ ಶಾಸ್ತ್ರದ ಪ್ರಕಾರ ನಿಷಿದ್ಧ. ಹಂದಿ ಮಾತ್ರ ಇರ್ಲಿಲ್ಲ, ಅಷ್ಟು ಮರ್ಯಾದೆ ಉಳಿಸಿದ್ರು. ಪಂಕ್ತಿಲಿ ಕೂತಿದ್ದ ಕೆಲವು ರಬ್ಬಿಗಳು ಎದ್ದು ಹೋದ್ರು. ಜಗಳಕ್ಕೆ ಬೇರೆ ಕಾರಣಗಳೂ ಇದ್ವು, ಊಟ ಒಂದು ನೆಪ, ಆದ್ರೆ 1886ರಲ್ಲಿ ನ್ಯೂಯಾರ್ಕಲ್ಲಿ ರಬ್ಬಿಗಳನ್ನ ತಯಾರು ಮಾಡೋ ಬೇರೆ ಸೆಮಿನರಿನೇ ಹುಟ್ಟಿತು, ಕನ್ಸರ್ವೇಟಿವ್ ಪಂಗಡ ಬೆಳೆದಿದ್ದು ಅದರ ಸುತ್ತ.

ನೀವು ಕೇಳಿದ ಮಹಿಳಾ ರಬ್ಬಿ ವಿಷಯ: ಬರ್ಲಿನ್ನಿನ ರೆಗಿನಾ ಯೋನಾಸ್ 1935ರಲ್ಲೇ ಆದ್ರು, ನಾಜಿಗಳು ಅವರನ್ನ ಆಶ್‌ವಿಟ್ಜ್‌ನಲ್ಲಿ ಕೊಂದ್ರು. ಆಮೇಲೆ ಅಮೆರಿಕದ ರಿಫಾರ್ಮ್‌ನೋರು 1972ರಲ್ಲಿ, ಕನ್ಸರ್ವೇಟಿವ್‌ನೋರು 1985ರಲ್ಲಿ ಒಪ್ಕೊಂಡ್ರು. ಆರ್ಥಡಾಕ್ಸ್ ಮುಖ್ಯವಾಹಿನಿ ಇವತ್ತಿಗೂ ಒಪ್ಪಿಲ್ಲ.

ಸಂಘಟನೆಗಳೂ ದೇಶಕ್ಕೊಂದು ಥರ. ಬ್ರಿಟನ್ನಲ್ಲಿ 1760ರಿಂದ ಯಹೂದಿಗಳ ಪ್ರತಿನಿಧಿ ಸಭೆ ಬೋರ್ಡ್ ಆಫ್ ಡೆಪ್ಯುಟೀಸ್ ಇದೆ, ಫ್ರಾನ್ಸಲ್ಲಿ ನೆಪೋಲಿಯನ್ ಕಟ್ಟಿಸಿದ ಕಾನ್ಸಿಸ್ಟುವಾರ್ ಅನ್ನೋ ಧಾರ್ಮಿಕ ಮಂಡಳಿ. ಇಸ್ರೇಲಲ್ಲಿ ಮಾತ್ರ ಸರ್ಕಾರಿ ಮುಖ್ಯ ರಬ್ಬಿಗಳು ಇಬ್ಬರು, ಒಬ್ರು ಅಶ್ಕೆನಾಜಿ (ಯುರೋಪ್ ಮೂಲದೋರು), ಒಬ್ರು ಸೆಫಾರ್ದಿ (ಸ್ಪೇನ್, ಮಧ್ಯಪ್ರಾಚ್ಯ ಮೂಲದೋರು), ಅಲ್ಲಿ ಯಹೂದಿಗಳ ಮದುವೆ ಆರ್ಥಡಾಕ್ಸ್ ರಬ್ಬಿ ಕೈಲೇ ಆಗಬೇಕು, ಸಿವಿಲ್ ಮದುವೆ ಇಲ್ಲ, ಅದಕ್ಕೇ ಎಷ್ಟೋ ಜೋಡಿಗಳು ಸೈಪ್ರಸ್‌ಗೆ ಹೋಗಿ ರಿಜಿಸ್ಟರ್ ಮಾಡ್ಕೊಂಡು ಬರ್ತಾರೆ. ನನ್ನ ಕೇಳಿದ್ರೆ ಅಲ್ಲಿ ನಿಜವಾದ ಜಗಳ ದೇವರದ್ದಲ್ಲ, ಸರ್ಟಿಫಿಕೇಟ್ ಕೊಡೋ ಅಧಿಕಾರ ಯಾರ ಕೈಲಿ ಅನ್ನೋದು. ಮುಂಬೈ, ಕೊಂಕಣ ಕಡೆಯಿಂದ ಇಸ್ರೇಲಿಗೆ ಹೋದ ಬೆನೆ ಇಸ್ರೇಲಿಗಳಿಗೂ (ನಮ್ಮ ದೇಶದ ಯಹೂದಿ ಸಮುದಾಯ) ಈ ಬಿಸಿ ತಟ್ಟಿತು: ಮುಖ್ಯ ರಬ್ಬಿಗಳು ಮದುವೆಗೆ ಮುಂಚೆ ನಿಮ್ಮ ವಂಶ ವಿಚಾರಿಸಬೇಕು ಅಂದ್ರು, ಇವರು ಧರಣಿ ಕೂತ್ರು, 1964ರಲ್ಲಿ ಸಂಸತ್ತೇ ಇವರು ಎಲ್ಲ ರೀತಿಲೂ ಯಹೂದಿಗಳೇ ಅಂತ ನಿರ್ಣಯ ಮಾಡ್ಬೇಕಾಯ್ತು.

ಕೊನೇಗೆ ನಿಮ್ಮೂರಿನ ವಿಷಯ. ಭಾರತಕ್ಕೆ ರಿಫಾರ್ಮ್ ಥರದ ಉದಾರ ಪಂಥ ತಂದೋರು ಡಾಕ್ಟರ್ ಜೆರೂಷಾ ಝಿರಾಡ್, ಬೆನೆ ಇಸ್ರೇಲಿ, ಹುಟ್ಟಿದ್ದು ಶಿವಮೊಗ್ಗದಲ್ಲೇ! ಲಂಡನ್ನಲ್ಲಿ ಡಾಕ್ಟರಿಕೆ ಓದುವಾಗ ಅಲ್ಲಿನ ಲಿಬರಲ್ ಪ್ರಾರ್ಥನೆ ನೋಡಿ ಬಂದು, 1925ರಲ್ಲಿ ಮುಂಬೈಲಿ ಜ್ಯೂಯಿಷ್ ರಿಲಿಜಿಯಸ್ ಯೂನಿಯನ್ ಶುರು ಮಾಡಿದ್ರು. ಮುಂಬೈನ ಕಾಮಾ ಆಸ್ಪತ್ರೆಯ ಮುಖ್ಯಸ್ಥೆ ಆಗಿದ್ರು, 1966ರಲ್ಲಿ ಪದ್ಮಶ್ರೀ ಬಂತು. ನಿಮ್ಮಲ್ಲಿ ಹಳಬರು ಯಾರಿಗಾದ್ರೂ ಆ ಮನೆತನದ ನೆನಪಿದ್ರೆ ಬರೀರಿ, ಹಾಕ್ತೀವಿ. ಫೋಟೋದ ತಿದ್ದುಪಡಿ ಮುಂದಿನ ಸಂಚಿಕೆ ಎರಡನೇ ಪುಟದಲ್ಲಿ ಬರುತ್ತೆ.

– ಸಂ.